ಸುಧೆ, ಕ್ಷಾರ ಮತ್ತು ಗಾರೆಯವನ ಕೈ

ಸುಧಾ ಎಂಬ ಶಬ್ದಕ್ಕೆ ಅಮರಸಿಂಹನು ನಾನಾರ್ಥವರ್ಗದಲ್ಲಿ ಮೂರು ಅರ್ಥಗಳನ್ನು ಹೇಳಿರುವನು: ಲೇಪ, ಅಮೃತ, ಸ್ನುಹಿ. ಲೇಪವೆಂದರೆ ಗೋಡೆಗೆ ಬಳಿಯುವ ಸುಣ್ಣದ ಗಾರೆ. ಸ್ನುಹಿಯೆಂದರೆ ನಮ್ಮ ಬೇಲಿಗಳಲ್ಲಿರುವ ಕಳ್ಳಿ. ಇವುಗಳ ಪೈಕಿ ಅಮೃತವನ್ನು ಕಂಡವರಿಲ್ಲ. ಉಳಿದೆರಡೂ ಮೈಗೆ ಸೋಂಕಿದರೆ ಚರ್ಮವನ್ನು ಸುಡತಕ್ಕವು. ಸುಧೆಯಿಂದ ಬಳಿಯಲ್ಪಟ್ಟುದು ಸೌಧ ಎಂಬ ವ್ಯುತ್ಪತ್ತಿಯನ್ನು ಪಾಠ ಹೇಳುವ ನಾವೆಲ್ಲರೂ ಹೇಳುತ್ತಲೇ ಇರುವೆವು. (ಕಲ್ಲನ್ನೇ ಮೈಯಾಗಿ ಉಳ್ಳ ಬೆಂಗಳೂರಿನ ವಿಧಾನಸೌಧಕ್ಕೂ, ೧೯೫೬ರಲ್ಲಿ ಅದು ಪೂರ್ತಿಯಾದಂದಿನಿಂದ, ಸುಣ್ಣದ ಹೆಸರೇ ಅಂಟಿಕೊಂಡಿರುವುದು ವಿನೋದವೇ ಸರಿ.) ಆದರೆ ಬಳಿದವನ ಕೈಗೆ ಏನಾಯಿತೆಂಬ ಪ್ರಶ್ನೆಯನ್ನು ನಾನು ಮೂವತ್ತು ವರ್ಷಗಳ ಪಾಠಪ್ರವಚನದಲ್ಲಿ ಒಮ್ಮೆಯೂ ಕೇಳಿಕೊಂಡವನಲ್ಲ. ಅದನ್ನು ಕೇಳುವಂತೆ ಮಾಡಿದುದು ಭೀಮಸಮುದ್ರದಲ್ಲಿ ನಾನೇ ಮಾಡಿದ ಒಂದು ತಪ್ಪು. ಆ ತಪ್ಪನ್ನೂ, ಅದರ ದೆಸೆಯಿಂದ ತಿಳಿದುಕೊಂಡುದನ್ನೂ ವಾಚಕರ ಮುಂದಿಡುವೆನು. ಸಾಹಿತ್ಯದ ಪತ್ರಿಕೆಯಲ್ಲಿ ಸಿಮೆಂಟಿನ ಮಾತೇಕೆಂದು ಕೇಳುವವರು ಸೌಧವೆಂಬ ಶಬ್ದವನ್ನು ನೆನೆದು ಕ್ಷಮಿಸಬೇಕು.

ಚಿತ್ರದುರ್ಗದ ಸೀಮೆಯಲ್ಲಿ ಭೀಮಸಮುದ್ರವು ಅಡಿಕೆಗೆ ಹೆಸರಾದ ಊರು. ಕೊಯ್ಲಿನ ಕಾಲದಲ್ಲಿ ಅಲ್ಲಿಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುವು ಕೈಗಳು. ಹಸಿಯಡಿಕೆಯನ್ನು ಸುಲಿಯುವ ಹೆಂಗಸರ ಬೆರಳುಗಳು ಅದರ ಒಗರಿನಿಂದ ಕಪ್ಪಾಗಿರುತ್ತವೆ. ತೊಳೆದರೆ ಹೋಗುವ ಕಪ್ಪಲ್ಲ ಅದು. ಐದಾರು ವರ್ಷಗಳ ಹಿಂದೆ ಆ ಊರಿನ ಬಂಧುಗಳೊಬ್ಬರ ತೋಟದಲ್ಲಿ, ಬೇಯಿಸಿದ ಅಡಿಕೆಯನ್ನು ಒಣಹಾಕುವುದಕ್ಕಾಗಿ, ಸಿಮೆಂಟಿನ ಕಣವೊಂದನ್ನು ಮಾಡಿಸುತ್ತಿದ್ದರು. ಮೇಸ್ತ್ರಿಯು ಬೆಳಗಿನಿಂದಲೂ ಹಸಿಯ ಕಾಂಕ್ರೀಟಿನ ಮೇಲೆ ಮೊಳಕಾಲೂರಿ ಮಟ್ಟಮಾಡುತ್ತಿದ್ದನು. ಮರುದಿನ ನೋಡಿದರೆ ಅವನ ಎರಡು ಮೊಳಕಾಲುಗಳೂ ಬೆಂದು, ಚರ್ಮವು ಕಂದಿ, ಅಲ್ಲಲ್ಲಿ ಕಿತ್ತುಬಂದಿದ್ದಿತು. ಅಂಗೈಗಳಂತೂ ಬಹುಕಾಲದಿಂದ ಒಡೆದು, ಬೆರಳಸಂದುಗಳಲ್ಲಿ ನೀರೊಸರುತ್ತಿದ್ದುವು.

“ಬೇಯುತ್ತಿದ್ದಾಗ ಎದ್ದುಬಿಡಬಾರದಾಗಿತ್ತೇನಪ್ಪ?” ಎಂದೆನು.

“ಸುಣ್ಣ ಆಗಿದ್ರೆ ಬಿಸಿ ತಟ್ಟಿ ಎಚ್ಚರ ಆಗ್ತೈತೆ ಸ್ವಾಮಿ. ಇದು ತಣ್ಣಗಿರ್ತೈತೆ. ಸುಟ್ಟಿದ್ದು ರಾತ್ರಿ ಮಲಗಿದ ಮೇಲೆ ಗೊತ್ತಾಗೋದು” ಎಂದನು.

ಈ ವಿಷಯದಲ್ಲಿ ನಾನು ಮುಂದೆ ಓದಿದುದೆಲ್ಲವೂ ಬಹುಮಟ್ಟಿಗೆ ಈ ಮಾತಿನ ವ್ಯಾಖ್ಯಾನವೆಂದೇ ಹೇಳಬೇಕು. ಆದರೆ ಅಂದು ನನಗೆ ಕೇಳುವುದಕ್ಕಿಂತ ಹೇಳುವ ಆತುರವೇ ಹೆಚ್ಚಾಗಿದ್ದಿತು. ಇದು ಕ್ಷಾರದಗ್ಧ, ಇದಕ್ಕೆ ಅಮ್ಲವೇ ಶಮನವೆಂದು ಸುಶ್ರುತನು ವಿಧಿಸಿರುವನು ಎಂದು ಸಂಭ್ರಮದಿಂದ ಹೇಳಿ, ಮೊಳಕಾಲಿಗೂ ಕೈಗೂ ಹುಣಸೆಯ ನೀರನ್ನು ಹಚ್ಚಿ ಆಮೇಲೆ ತುಪ್ಪ ಸವರಿಕೊಳ್ಳುವಂತೆ ತಿಳಿಸಿದೆನು. ಮೊಳಕಾಲು ಕೆಲವು ವಾರಗಳಲ್ಲಿ ಮಾಯಿತು. ಬಹುಶಃ ತಾನಾಗಿಯೇ ಮಾಯಿತು. ಕೈಗಳು ಮಾತ್ರ ಮೊದಲಿಗಿಂತ ಉರಿದು, ಊದಿ, ಮೊಳಕೈವರೆಗೂ ಗಂದೆಯೆದ್ದುವು. ಪಂಡಿತರ ಮಾತೆಂದು ಅವನು ಎರಡು ವಾರ ಹುಳಿಯನ್ನು ಬಿಡದೆ ಹಚ್ಚಿದನೆಂಬುದನ್ನು ನೆನೆದರೆ ನನಗೆ ಇಂದಿಗೂ ನಾಚಿಕೆಯಾಗುವುದು. ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ಶಾಸ್ತ್ರವು ಏನು ಹೇಳಿದೆಯೆಂಬುದನ್ನು ನೋಡಬೇಕು, ಶಾಸ್ತ್ರವು ತಪ್ಪಿಲ್ಲ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೧ನೆಯ ಅಧ್ಯಾಯಕ್ಕೆ ಕ್ಷಾರಪಾಕವಿಧಿಯೆಂದು ಹೆಸರು. ಕ್ಷಾರಶಬ್ದವನ್ನು ಆಚಾರ್ಯನು ಎರಡು ಬಗೆಯಾಗಿ ನಿರ್ವಚಿಸುವನು: ಕರಗಿಸಿ ಸುರಿಸುವುದರಿಂದ ಕ್ಷಾರ, ಅಥವಾ ಹಿಂಸಿಸುವುದರಿಂದ ಕ್ಷಾರ. (ಇದೇ ಶಬ್ದವು ಕನ್ನಡಕ್ಕೆ ಬಂದು ಖಾರವಾಗಿ, ಮೆಣಸಿನಕಾಯಿಯ ಪಾಲಾಯಿತು. ಚೂರ್ಣವು ಸುಣ್ಣವಾದಂತೆಯೇ ಇದೂ ತದ್ಭವದ ದಾರಿ.) ಮುಷ್ಕಕ ಮೊದಲಾದ ಮರಗಳನ್ನು ಸುಟ್ಟು, ಬೂದಿಯನ್ನು ಆರುಪಾಲು ನೀರಿನಲ್ಲಿ ಕಲಸಿ, ೨೧ ಸಲ ಸೋಸಿ ಕಾಯಿಸಬೇಕು. ಅದಕ್ಕೆ ಸುಣ್ಣದ ಕಲ್ಲು, ಚಿಪ್ಪು, ಶಂಖನಾಭಿಗಳನ್ನು ಕೆಂಪಗೆ ಕಾಯಿಸಿ ಅರೆದು ಸೇರಿಸಬೇಕು. ಸಿದ್ಧವಾದುದನ್ನು ಕಬ್ಬಿಣದ ಪಾತ್ರೆಯಲ್ಲಿಡಬೇಕು. ಬೂದಿಯ ಸೌಮ್ಯವಾದ ಕ್ಷಾರವನ್ನು ಸುಟ್ಟ ಸುಣ್ಣವು ತೀಕ್ಷ್ಣವಾಗಿ ಮಾರ್ಪಡಿಸುವ ಈ ಕ್ರಮವನ್ನು ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ರಲ್ಲಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ವಿಶೇಷವಾಗಿ ಕೊಂಡಾಡಿರುವರು. ವಾಚಕರು ಗಮನಿಸಬೇಕಾದುದೇನೆಂದರೆ, ವೈದ್ಯನ ಕ್ಷಾರಕ್ಕೆ ತೀಕ್ಷ್ಣತೆಯನ್ನು ಕೊಟ್ಟುದು ಗಾರೆಯವನ ಸುಣ್ಣವೇ.

ಈ ಕ್ಷಾರವನ್ನು ಗಂಟು, ಮೊಳೆ ಮುಂತಾದುವುಗಳ ಮೇಲೆ ಹಚ್ಚಿ, ನೂರು ಮಾತ್ರೆಗಳನ್ನು ಉಚ್ಚರಿಸುವಷ್ಟು ಕಾಲ ಮಾತ್ರ ಬಿಟ್ಟು, ಆಮೇಲೆ ತುಪ್ಪ ಯಷ್ಟಿಮಧುಗಳೊಡನೆ ಅಮ್ಲದ್ರವ್ಯವನ್ನು ಹಾಕಬೇಕೆಂದು ವಿಧಿ. ಅಲ್ಲಿಯೇ ಒಂದು ಸೊಗಸಾದ ಶಂಕೆಯನ್ನು ಎತ್ತಿ ಸಮಾಧಾನವನ್ನು ಹೇಳಿದೆ. ಅಮ್ಲವೂ ತೀಕ್ಷ್ಣವೇ ಆಗಿರುವಾಗ ಅದು ತೀಕ್ಷ್ಣವಾದ ಕ್ಷಾರವನ್ನು ಹೇಗೆ ತಣಿಸೀತು? ಕ್ಷಾರದಲ್ಲಿ ಅಮ್ಲವೊಂದನ್ನುಳಿದು ಮಿಕ್ಕ ರಸಗಳೆಲ್ಲವೂ ಇರುವುವು. ಅಮ್ಲವು ಕೂಡಿದೊಡನೆ ಅದು ತೀಕ್ಷ್ಣತೆಯನ್ನು ಬಿಟ್ಟು ಮಾಧುರ್ಯವನ್ನು ಹೊಂದುವುದು ಎಂದು ಉತ್ತರ. ಇಂದಿನ ರಸಾಯನಶಾಸ್ತ್ರವು ಇದನ್ನೇ ಬೇರೆ ಮಾತುಗಳಲ್ಲಿ ಹೇಳುವುದು: ಅಮ್ಲವೂ ಕ್ಷಾರವೂ ಕೂಡಿದರೆ ಲವಣವೂ ನೀರೂ ಆಗುವುವು. ಆದುದರಿಂದ ನಾನು ಹೇಳಿದ ಚಿಕಿತ್ಸೆಗೆ ಆಧಾರವಿಲ್ಲದಿರಲಿಲ್ಲ. ಆದರೆ ಆ ವಿಧಿಯು ಅಳತೆಯರಿತ ವೈದ್ಯನು ಅಳೆದು ಹಚ್ಚಿದ ಕ್ಷಾರಕ್ಕೆ ಸಂಬಂಧಿಸಿದುದು. ವೈದ್ಯನು ನೂರು ಎಣಿಸುವಷ್ಟರಲ್ಲಿ ತೆಗೆದುಬಿಡುವ ವಸ್ತುವಿನಲ್ಲಿ ಮೇಸ್ತ್ರಿಯು ಆರು ತಾಸು ಮೊಳಕಾಲೂರಿದ್ದನು.

ಇನ್ನು ಸಿಮೆಂಟಿನ ವಿಚಾರ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ೧೮೨೪ರಲ್ಲಿ ಹಕ್ಕುಪತ್ರ ಪಡೆದ ಈ ಪುಡಿಯು ಸುಣ್ಣದ ಕಲ್ಲನ್ನೂ ಜೇಡಿಯನ್ನೂ ಕೂಡಿಸಿ ಸುಟ್ಟುದು. ಇದು ನಮ್ಮ ಕಡೆ ಕೈಗೆ ಸಿಕ್ಕುವುದಕ್ಕೆ ಬಹುಕಾಲ ಹಿಡಿಯಿತು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಮುಗಿದ ವಾಣೀವಿಲಾಸಸಾಗರದ ಕಟ್ಟೆಯು ಕಲ್ಲು ಮತ್ತು ಸುಣ್ಣದ ಗಾರೆಯ ಕೆಲಸ. ೧೯೩೩ರ ಬಳಿಕ ೨೦೨೨ರಲ್ಲಿ ಆ ಸಾಗರವು ಕೋಡಿ ಬಿದ್ದಾಗಲೂ ಆ ಗಾರೆಯು ನಿಂತೇ ಇದ್ದಿತು. ಸುಣ್ಣದ ಗಾರೆಯು ಸಿಮೆಂಟಿಗಿಂತ ಸಾಧುವೆಂದು ಇದರಿಂದ ಯಾರೂ ಭಾವಿಸಬಾರದು. ನೀರು ಹೊಯ್ದು ಅರಳಿಸಿದ ಸುಣ್ಣವೂ ಕಟುವಾದ ಕ್ಷಾರವೇ. ಭೇದವಿರುವುದು ಎಚ್ಚರಿಕೆಯಲ್ಲಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದೊಡನೆ ಅದು ಕುದಿದು, ಹೊಗೆಯಾಡಿ, ನೋಡುವವರನ್ನು ಹಿಂದಕ್ಕೆ ಅಟ್ಟುವುದು. ಅರಳಿದ ಬಳಿಕ ಅದನ್ನು ಗಾಣಕ್ಕೆ ಹಾಕಿ, ಎತ್ತು ಕಟ್ಟಿ ಅರೆಯುತ್ತಿದ್ದರು. ಸಿಮೆಂಟಾದರೋ ನೀರು ಸೋಂಕಿದಾಗ ತನ್ನೊಳಗಿನಿಂದಲೇ ಅದೇ ಅರಳಿದ ಸುಣ್ಣವನ್ನು ಹೊರಬಿಡುವುದು. ಸೋಡಾ, ಪೊಟ್ಯಾಷುಗಳ ಅಂಶವು ಅದರೊಡನೆ ಕೂಡಿ ಕ್ಷಾರವು ಇನ್ನೂ ಬಲಿಯುವುದು. ಕೈಗೆ ಮಾತ್ರ ತಣ್ಣಗಿರುವುದು. ಅಮ್ಲಕ್ಷಾರಗಳನ್ನು ಅಳೆಯುವ ಮಾನದಲ್ಲಿ ಆರೋಗ್ಯವಾದ ಚರ್ಮದ ಮೇಲ್ಮೈ ೫ರ ಸುಮಾರು, ಹಸಿಯ ಸಿಮೆಂಟು ೧೩ರ ಸುಮಾರು. ಆ ಮಾನದಲ್ಲಿ ಒಂದೊಂದು ಮೆಟ್ಟಿಲೂ ಹತ್ತುಮಡಿಯಾದುದರಿಂದ ಎಂಟು ಮೆಟ್ಟಿಲೆಂದರೆ ಹತ್ತು ಕೋಟಿ ಮಡಿಯ ಅಂತರವಾಯಿತು. ಈ ಕ್ಷಾರವು ಚರ್ಮದ ಸ್ನಿಗ್ಧಾಂಶವನ್ನು ಸಾಬೂನಾಗಿಸಿ ಕರಗಿಸುವುದು. ಕಲಸಿದ ಗಾರೆಯಲ್ಲಿ ಕೈಯಿಟ್ಟರೆ ನುಣುಪಾಗಿ ಜಾರುವುದಷ್ಟೆ? ಅದು ಗಾರೆಯ ನುಣುಪಷ್ಟೇ ಅಲ್ಲ; ಕೈಯ ಜಿಡ್ಡು ಕರಗುತ್ತಿರುವುದೂ ಅದರಲ್ಲಿ ಸೇರಿದೆ.

ಭೀಮಸಮುದ್ರದವರಿಗೆ ಇದನ್ನು ದೂರದ ದೃಷ್ಟಾಂತದಿಂದ ಹೇಳಬೇಕಾಗಿಲ್ಲ. ಎಲೆಗೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುವುದನ್ನು ಅಡಿಕೆಯ ಊರಿನವರು ಬಲ್ಲರು. ಕಡಲೆಯಷ್ಟು ಸುಣ್ಣಕ್ಕೆ ಅಷ್ಟು ಅಂಜುವವರು ಬಾಣಲಿ ತುಂಬ ಸಿಮೆಂಟಿನಲ್ಲಿ ಬರಿಗೈಯಿಡುವುದಕ್ಕೆ ಅಂಜದಿರುವುದೇ ಆಶ್ಚರ್ಯ.

ಇಷ್ಟು ಮೊದಲನೆಯ ವ್ಯಾಧಿ. ನನ್ನ ತಪ್ಪು ಇದ್ದುದು ಎರಡನೆಯದರಲ್ಲಿ. ಮೇಸ್ತ್ರಿಯನ್ನು ಕಡೆಗೆ ಚರ್ಮವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆಯನ್ನೇ ನಾನು ಕೇಳದೆ ಬಿಟ್ಟಿದ್ದೆನು: ಕೆಲಸವಿಲ್ಲದ ದಿನಗಳಲ್ಲಿ ಕೈ ವಾಸಿಯಾಗುವುದೆ? ಹಬ್ಬಕ್ಕೆ ಹದಿನೈದು ದಿನ ಬಿಟ್ಟರೆ ಆರುವುದೆಂದೂ, ಮತ್ತೆ ಕರಣೆ ಹಿಡಿದ ಎರಡನೆಯ ದಿನವೇ ಏಳುವುದೆಂದೂ, ಮೊದಲ ಹನ್ನೆರಡು ವರ್ಷ ಇದೊಂದೂ ಇರಲಿಲ್ಲವೆಂದೂ ಅವನು ಹೇಳಿದನು. ವೈದ್ಯರು ಬೆನ್ನಿನ ಮೇಲೆ ಹಲವು ದ್ರವ್ಯಗಳ ಲೇಶಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆ ಎರಡು ದಿನದ ಮೇಲೆ ನೋಡಿದರು. ಪೊಟ್ಯಾಸಿಯಂ ಡೈಕ್ರೋಮೇಟನ್ನು ಅಂಟಿಸಿದ್ದ ಜಾಗ ಮಾತ್ರ ಕೆಂಪಾಗಿ ಊದಿಕೊಂಡಿದ್ದಿತು.

ಸಿಮೆಂಟಿನಲ್ಲಿ ಕ್ರೋಮಿಯಂ ಎಂಬ ಲೋಹದ ಸ್ವಲ್ಪಾಂಶವಿರುವುದು. ಕಚ್ಚಾ ಪದಾರ್ಥಗಳಿಂದಲೂ ಭಟ್ಟಿಯಿಂದಲೂ ಅದು ಬಂದು ಸೇರುವುದು. ಅದರಲ್ಲಿ ನೀರಿಗೆ ಕರಗುವ ಬಗೆಯು ಚರ್ಮವನ್ನು ದಾಟಿ ಒಳಸೇರಿದರೆ, ಕೆಲವರ ದೇಹವು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವುದು. ಸಿಮೆಂಟಿನ ಕಜ್ಜಿಗೂ ಈ ಡೈಕ್ರೋಮೇಟಿಗೂ ಇರುವ ಸಂಬಂಧವನ್ನು ಯೇಗರ್ ಮತ್ತು ಪೆಲ್ಲೋನಿ ಎಂಬ ವೈದ್ಯರು ೧೯೫೦ರಲ್ಲಿ ತೋರಿಸಿದರು. ಒಮ್ಮೆ ಗುರುತಿಟ್ಟುಕೊಂಡ ಮೇಲೆ ದೇಹವು ಅದನ್ನು ಮರೆಯುವುದು ಅಪೂರ್ವ. ಅತ್ಯಲ್ಪ ಸಂಪರ್ಕಕ್ಕೂ ವ್ಯಾಧಿಯು ಮರುಕಳಿಸುವುದು. ಇದು ಕ್ಷಾರದಗ್ಧವಲ್ಲ. ಇದನ್ನು ಅಸಾತ್ಮ್ಯವೆಂದು ಕರೆಯಬಹುದೆಂದು ನನಗೆ ತೋರುವುದು. ಆದರೆ ಇಲ್ಲಿಯೂ ಎಚ್ಚರ ಬೇಕು. ಚರಕನು ಹೇಳುವ ಓಕಸಾತ್ಮ್ಯದಲ್ಲಿ ದಿನದಿನದ ಅಭ್ಯಾಸದಿಂದ ಅಹಿತವೂ ಮೈಗೆ ಒಗ್ಗುವುದು. “ಕೈ ಪಳಗಿದೆ” ಎಂದು ಕಸುಬಿನವರು ಹೇಳುವುದೂ ಇದನ್ನೇ. ಸಿಮೆಂಟಿನಲ್ಲಿ ಕ್ರಮವು ವಿಪರೀತ: ಅಭ್ಯಾಸದಿಂದಲೇ ಸಾತ್ಮ್ಯವು ಕೆಡುವುದು. ಹನ್ನೆರಡು ವರ್ಷ ಏನೂ ಆಗಲಿಲ್ಲವೆಂಬುದು ಹದಿಮೂರನೆಯ ವರ್ಷಕ್ಕೆ ರಕ್ಷೆಯಲ್ಲ. ಕ್ಷಾರದಿಂದ ಬಿರಿದ ಚರ್ಮವು ಕ್ರೋಮಿಯಮ್ಮಿಗೆ ಬಾಗಿಲು ತೆರೆದುಕೊಡುವುದರಿಂದ ಮೊದಲನೆಯ ವ್ಯಾಧಿಯನ್ನು ಅಲಕ್ಷ್ಯಮಾಡಿದವನಿಗೆ ಎರಡನೆಯದು ಸಮೀಪಿಸುವುದು. ಅಂಥ ಬಿರುಕುಗಳಿಗೆ ನಾನು ಹುಣಸೆಯ ಹುಳಿಯನ್ನು ಹಾಕಿಸಿದ್ದೆನು.

ಈ ಎರಡನೆಯದಕ್ಕೆ ಸಿಮೆಂಟಿನಲ್ಲಿಯೇ ಮಾಡುವ ಪ್ರತೀಕಾರವೊಂದುಂಟು. ಅದು ನಮ್ಮ ಅಂಗಡಿಬೀದಿಯ ಅನ್ನಭೇದಿ, ಸಂಸ್ಕೃತದ ಕಾಸೀಸ. ಸಿಮೆಂಟನ್ನು ಅರೆಯುವಾಗ ಇದನ್ನು ಸ್ವಲ್ಪ ಸೇರಿಸಿದರೆ ಕರಗುವ ಕ್ರೋಮಿಯಂ ಕರಗದ ಬಗೆಗೆ ತಿರುಗುವುದು. ಡೆನ್ಮಾರ್ಕಿನವರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿಯೇ ಇದನ್ನು ಆಚರಣೆಗೆ ತಂದರು. ಯೂರೋಪಿನ ಒಕ್ಕೂಟವು ೨೦೦೩ರಲ್ಲಿ ನಿಯಮವನ್ನು ಮಾಡಿ, ೨೦೦೫ರ ಜನವರಿಯಿಂದ, ಕರಗುವ ಕ್ರೋಮಿಯಂ ಹತ್ತು ಲಕ್ಷಕ್ಕೆ ಎರಡು ಭಾಗಕ್ಕಿಂತ ಹೆಚ್ಚಾಗಿರುವ ಸಿಮೆಂಟನ್ನು ಕೈಯಿಂದ ಕಲಸುವ ಕೆಲಸಕ್ಕೆ ಮಾರದಂತೆ ತಡೆಯಿತು. ಕಾಸೀಸದ ಗುಣವು ಕಾಲಕ್ರಮದಲ್ಲಿ ಕುಂದುವುದರಿಂದ ಅಲ್ಲಿ ಚೀಲದ ಮೇಲೆ ಅವಧಿಯನ್ನೂ ಕಾಣಿಸುವರು. ಕ್ಷಾರದ ಬಾಧೆಗೆ ಮಾತ್ರ ಕಾಸೀಸದಿಂದ ಏನೂ ಪ್ರಯೋಜನವಿಲ್ಲ. ಅದನ್ನು ಕೈಯೇ ತಡೆದುಕೊಳ್ಳಬೇಕು.

ತಡೆಯುವ ಬಗೆ ಹೇಗೆಂದರೆ, ಮುಖ್ಯವಾದುದು ಕೈಗವಸು. ಅದರಲ್ಲಿಯೂ ಯಾವ ಕೈಗವಸೆಂಬುದು. ಬಟ್ಟೆಯ ಮತ್ತು ತೊಗಲಿನ ಕೈಗವಸುಗಳು ಒಣಕಲ್ಲು, ಇಟ್ಟಿಗೆಗಳನ್ನು ಎತ್ತುವುದಕ್ಕೆ ಒಳ್ಳೆಯವು. ಹಸಿಯ ಗಾರೆಗೆ ಅವು ಬರಿಗೈಗಿಂತಲೂ ಕೇಡು. ಏಕೆಂದರೆ ಕ್ಷಾರದ ನೀರನ್ನು ಹೀರಿ ದಿನವಿಡೀ ಚರ್ಮಕ್ಕೆ ಒತ್ತಿಹಿಡಿಯುವುವು. ಬೇಕಾದುದು ನೀರು ಹೊಗದ ರಬ್ಬರಿನ ಅಥವಾ ನೈಟ್ರೈಲಿನ, ಮಣಿಕಟ್ಟನ್ನು ಮೀರಿ ಬರುವ ಗವಸು. ಕೈಯನ್ನು ತೊಳೆದು ಒರಸಿಕೊಂಡು ತೊಡಬೇಕು. ತೆಗೆಯುವ ಮುಂಚೆ ಗವಸಿನ ಹೊರಮೈಯನ್ನು ತೊಳೆಯಬೇಕು; ಒಳಕ್ಕೆ ಗಾರೆ ಹೋದರೆ ಅದನ್ನು ಮತ್ತೆ ತೊಡಬಾರದು. ಉಂಗುರ, ಗಡಿಯಾರಗಳ ಅಡಿಯಲ್ಲಿ ಗಾರೆಯು ಸಿಕ್ಕಿಕೊಂಡು ಸುಡುವುದರಿಂದ ಅವನ್ನು ಮೊದಲೇ ತೆಗೆದಿಡುವುದು ಲೇಸು. ಇಟ್ಟಿಗೆ ಹೊರುವ ಹೆಂಗಸರು ಸೈಕಲ್ಲಿನ ಹಳೆಯ ಟ್ಯೂಬನ್ನು ಕೊಯ್ದು ಬೆರಳಿಗೆ ತೊಡಿಸಿಕೊಳ್ಳುವುದನ್ನು ನಾನು ಕಂಡಿರುವೆನು. ಉಜ್ಜಿ ಸವೆಯದಂತೆ ಅದು ಕಾಯುವುದು. ಹಸಿ ಗಾರೆಯನ್ನು ತಡೆಯಲಾರದು.

ಕಾಂಕ್ರೀಟಿನಲ್ಲಿ ನಿಲ್ಲುವವರಿಗೆ ರಬ್ಬರಿನ ಎತ್ತರದ ಬೂಟು ಬೇಕು. ಕಾಲಂಗಿಯ ಅಂಚು ಬೂಟಿನ ಹೊರಗಿರಬೇಕು, ಒಳಗೆ ಸೇರಿಸಿದರೆ ಅದೇ ದೋಣಿಯಾಗಿ ಗಾರೆಯನ್ನು ಒಳಕ್ಕೆ ಇಳಿಸುವುದು. ಮೊಳಕಾಲೂರಬೇಕಾದರೆ ಹಲಗೆಯ ಮೇಲೆ ಊರಬೇಕು. ಬಟ್ಟೆಯು ತೊಯ್ದರೆ ಕೂಡಲೇ ಕಳಚಿ, ಅಲ್ಲಿ ತೊಳೆದುಕೊಳ್ಳಬೇಕು. ಕೆಲಸ ಮುಗಿಯಲೆಂದು ಕಾಯುವುದೇ ಅನರ್ಥಕ್ಕೆ ಮೂಲ. ನೋವಿಲ್ಲವೆಂಬುದು ಸುಟ್ಟಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಬಾಣಲಿಯನ್ನು ತಲೆಯ ಮೇಲೆ ಹೊರುವವರ ಕತ್ತಿಗೆ ನೀರಿಳಿಯುವುದನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಸಿಂಬಿಯ ಬಟ್ಟೆ ನೆನೆದಾಗ ಬದಲಾಯಿಸುವ ಬಿಡುವನ್ನಾದರೂ ಅವರಿಗೆ ಕೊಡಬೇಕು.

ತೊಳೆಯುವ ನೀರಿನ ವಿಷಯ ಸಣ್ಣದಾಗಿ ಕಾಣುವುದು, ಆದರೆ ಸಣ್ಣದಲ್ಲ. ಕರಣೆ, ಬಾಣಲಿಗಳನ್ನು ಅದ್ದುವ ಡ್ರಮ್ಮಿನ ನೀರಿನಲ್ಲಿಯೇ ಕೈತೊಳೆಯುವುದು ಎಲ್ಲ ಕಡೆಯೂ ಇರುವ ರೂಢಿ. ಆ ನೀರು ಸುಣ್ಣದ ತಿಳಿಯೇ ಆಗಿರುವುದು. ಅದರಲ್ಲಿ ತೊಳೆದ ಕೈ ಕ್ಷಾರದಿಂದ ಬಿಡುಗಡೆ ಹೊಂದಲಿಲ್ಲ. ಕೈಗೆ ಬೇರೆ ನೀರು ಬೇಕು, ಹರಿಯುವ ನೀರಾದರೆ ಉತ್ತಮ. ಮರಳಿನಿಂದ ಉಜ್ಜುವುದೂ ಸೀಮೆಯೆಣ್ಣೆಯಿಂದ ತೊಳೆಯುವುದೂ ಬಿರಿದ ಚರ್ಮವನ್ನು ಮತ್ತಷ್ಟು ಬಿರಿಯಿಸುವುವು. ಬೆಳಗ್ಗೆ ಕೊಬ್ಬರಿಯೆಣ್ಣೆ ಸವರಿಕೊಂಡು ಇಳಿದರೆ ಸಾಕೆನ್ನುವವರು ಹಲವರಿರುವರು. ಆ ತೆಳುಪೊರೆಯನ್ನು ಗಾರೆಯು ಉಜ್ಜಿ ತೆಗೆದುಹಾಕುವುದು, ಅದನ್ನು ಕವಚವೆಂದು ನಂಬಬಾರದು. ಸಂಜೆ ತೊಳೆದು ಒರಸಿದ ಕೈಗೆ ಎಣ್ಣೆಯನ್ನೋ ಮುಲಾಮನ್ನೋ ಹಚ್ಚಿದರೆ ಕಳೆದುಹೋದ ಸ್ನಿಗ್ಧಾಂಶವು ತಕ್ಕಮಟ್ಟಿಗೆ ತುಂಬಿಬರುವುದು.

ಹಾಗಾದರೆ ಸುಶ್ರುತನ ಅಮ್ಲಕ್ಕೆ ಇಲ್ಲಿ ಸ್ಥಾನವಿಲ್ಲವೆ ಎಂದು ಕೇಳಬಹುದು. ಮೊದಲು ನೀರು, ಬಹಳ ಹೊತ್ತು ನೀರು. ನೀರಿನಿಂದ ತೊಳೆದಾದ ಮೇಲೆ ಒಡೆಯದ ಚರ್ಮಕ್ಕೆ ತೆಳುವಾದ ಹುಳಿನೀರನ್ನು ಸೋಕಿಸುವ ರೂಢಿಯು ಪಶ್ಚಿಮದ ಕೆಲವು ಕಸುಬಿನವರಲ್ಲಿಯೂ ಉಂಟು. ಬಿರಿದ ಕೈಗೂ, ಸುಟ್ಟು ಹಸಿಯಾದ ಗಾಯಕ್ಕೂ, ಗಂದೆಯೆದ್ದ ಕೈಗೂ ಅದು ಸಲ್ಲದು. ಬೆಂದ ಗಾಯವನ್ನು ವೈದ್ಯರಿಗೆ ತೋರಿಸಬೇಕು. ಕಣ್ಣಿಗಂತೂ ಹುಳಿಯೂ ಬೇಡ, ಹಾಲೂ ಬೇಡ. ಸುಣ್ಣವಾಗಲಿ ಸಿಮೆಂಟಾಗಲಿ ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ತೆರೆದುಹಿಡಿದು ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲದೆ ಶುದ್ಧಜಲದಿಂದ ತೊಳೆದು, ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ತಾಂಬೂಲದ ಸುಣ್ಣದ ಪೊಟ್ಟಣವನ್ನು ಹಿಸುಕಿ ಆಡುವಾಗ ಅದು ಒಡೆದು ಮಕ್ಕಳ ಕಣ್ಣು ಕೆಟ್ಟ ಪ್ರಸಂಗಗಳನ್ನು ನಮ್ಮ ದೇಶದ ನೇತ್ರವೈದ್ಯರು ಬರೆದಿಟ್ಟಿರುವರು. ಅಡಿಕೆಯ ಊರುಗಳಲ್ಲಿ ಇದನ್ನು ಮನೆಮನೆಯಲ್ಲಿಯೂ ಹೇಳಬೇಕಾಗಿದೆ.

ನಮ್ಮ ಗ್ರಂಥಗಳು ಗೋಡೆಯ ಚರ್ಮವನ್ನು ಬಹಳ ಆದರದಿಂದ ಕಂಡಿವೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಚಿತ್ರಕ್ಕೆ ತಕ್ಕಂತೆ ಭಿತ್ತಿಗೆ ಸುಧೆಯನ್ನು ಬಳಿದು ನಯಮಾಡುವ ಬಗೆಯನ್ನು ವಿವರಿಸಿದನು. ಬಳಿಯುವವನ ಚರ್ಮದ ಮಾತನ್ನು ನಾನು ಅಲ್ಲೆಲ್ಲಿಯೂ ಓದಿದ ನೆನಪಿಲ್ಲ. ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ಅವನ ಕಸುಬೇನೆಂಬುದನ್ನೂ ಸೇರಿಸಬೇಕೆಂದು ಇಟಲಿಯ ವೈದ್ಯ ರಾಮಾಝಿನಿಯು ೧೭೦೦ರಲ್ಲಿ ಬೆಳಕಿಗೆ ಬಂದ ಗ್ರಂಥದಲ್ಲಿ ಹೇಳಿದನು. ಕಸುಬನ್ನು ನಾನು ಕಣ್ಣಾರೆ ಕಂಡಿದ್ದೆನು; ಅದರ ಮುಂದಿನ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಮೇಸ್ತ್ರಿಯು ಕರಣೆಯನ್ನು ಬಿಟ್ಟನು. ಈಗ ಅದೇ ತೋಟದಲ್ಲಿ ಅಡಿಕೆ ಬೇಯಿಸುವ ಒಲೆಯ ಉಸ್ತುವಾರಿ ಅವನದು. ಕೂಲಿಯು ಮೊದಲಿನ ಅರ್ಧದಷ್ಟು. ಹೋದ ವರ್ಷ ಅಲ್ಲಿ ಎರಡನೆಯ ಕಣವನ್ನು ಹಾಕಿಸಿದರು. ಕೈತೊಳೆಯುವುದಕ್ಕೆ ಬೇರೆ ಡ್ರಮ್ಮಿನಲ್ಲಿ ನೀರಿಡಿಸಿ, ಚಿತ್ರದುರ್ಗದಿಂದ ಒಂದು ಡಜನ್ ರಬ್ಬರಿನ ಕೈಗವಸುಗಳನ್ನು ನಾನೇ ತಂದುಕೊಟ್ಟೆನು. ಗಂಡಸರು ತೊಟ್ಟುಕೊಂಡರು. ಬಾಣಲಿ ಹೊರುವ ಹೆಂಗಸರು ಒಂದು ತಾಸಿಗೆಲ್ಲ ತೆಗೆದಿಟ್ಟರು. ಕಾರಣವನ್ನು ವಿಚಾರಿಸಲಾಗಿ, ಅಂಗಡಿಯಲ್ಲಿ ಸಿಕ್ಕುವ ಗವಸುಗಳೆಲ್ಲವೂ ಗಂಡಸರ ಕೈಯ ಅಳತೆಯವೆಂದೂ, ಬೆರಳ ತುದಿ ಮಡಿಚಿಕೊಂಡು ಬಾಣಲಿಯು ಜಾರುವುದೆಂದೂ ತಿಳಿದುಬಂದಿತು. ಸಣ್ಣ ಅಳತೆಯವನ್ನು ದಾವಣಗೆರೆಯಿಂದ ತರಿಸುವುದಾಗಿ ಅಂಗಡಿಯವರು ಹೇಳಿದರು. ಅಷ್ಟರಲ್ಲಿ ಕಣದ ಕೆಲಸ ಮುಗಿದಿದ್ದಿತು.